ಮೆತ್ತನೆಯ ಆಸರೆ

ಕೇಡು ಬಗೆದು ಮಾಡುವ ಕೇಡಿಗೆ ನಮ್ಮ ಭಾಷೆಯಲ್ಲಿ ಹೆಸರುಗಳು ಬೇಕಾದಷ್ಟಿವೆ. ಅಪ್ಪಿಕೊಳ್ಳುವ ನೆಪದಲ್ಲಿ ಪುಡಿಮಾಡಲು ಹೊರಟರೆ ಅದು ಧೃತರಾಷ್ಟ್ರಾಲಿಂಗನ. ಆಶ್ರಯವೆಂದು ಕೊಟ್ಟು ಸುಡಲು ಹವಣಿಸಿದರೆ ಅರಗಿನ ಮನೆ. ಹಸುವಿನ ಮುಖ ಹೊತ್ತು ಬಂದರೆ ಗೋಮುಖವ್ಯಾಘ್ರ. ಪಂಪನಿಂದ ಕುಮಾರವ್ಯಾಸನವರೆಗೆ ಕವಿಗಳು ಇಂತಹ ಕಪಟವನ್ನು ಬಣ್ಣಿಸಿ ಬಣ್ಣಿಸಿ ನಮ್ಮ ನಾಲಗೆಗೆ ಅದನ್ನು ರೂಢಿಮಾಡಿಸಿದ್ದಾರೆ. ಆದರೆ ಒಳ್ಳೆಯದನ್ನೇ ಬಯಸಿ, ಕಾಪಾಡುವುದಕ್ಕೆಂದೇ ಕೈಗೊಂಡ ಕೆಲಸದಿಂದ ಕೇಡಾದರೆ ಅದಕ್ಕೇನು ಹೆಸರು? ಸುಮಾರು ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ನನಗೆ ಆ ಮಾತು ಇನ್ನೂ ಸಿಕ್ಕಿಲ್ಲ. ಅದನ್ನು ಹುಡುಕಬೇಕಾಗಿ ಬಂದದ್ದು ಒಂದು ಗಿಟಾರಿನಿಂದ.

ಕನ್ನಡದ ಮೇಷ್ಟರಿಗೂ ಗಿಟಾರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಆ ವಾದ್ಯ ನನ್ನದಲ್ಲ, ನನ್ನ ಭಾವನವರದು. ಅವರು ಓದಲೆಂದು ಅಮೆರಿಕಕ್ಕೆ ಹೋಗಿದ್ದಾಗ, ೧೯೯೬ರಲ್ಲಿ, ಊಟದ ಖರ್ಚಿನಲ್ಲಿ ಉಳಿಸಿದ ಹಣದಿಂದ ಕೊಂಡದ್ದು. ಅಂದಿಗೇ ಅದು ಇಪ್ಪತ್ತು ವರ್ಷ ಹಳೆಯದು. ಬೆನ್ನು ಮತ್ತು ಬದಿಗಳು ನಮ್ಮ ದಕ್ಷಿಣ ಭಾರತದ ಬೀಟೆ ಮರದವು. ಮೊದಲು ಅಮೆರಿಕದವರು ಬ್ರೆಜಿಲಿನ ಬೀಟೆಯನ್ನು ಬಳಸುತ್ತಿದ್ದರು. ಅದು ದುರ್ಲಭವಾಗತೊಡಗಿದಾಗ, ೧೯೬೯ರಲ್ಲಿ, ಅಲ್ಲಿನ ಹೆಸರಾಂತ ಮಾರ್ಟಿನ್ ಕಂಪನಿ ಭಾರತದ ಬೀಟೆಯ ಕಡೆಗೆ ತಿರುಗಿತು. ‘ನಮ್ಮ ಕಡೆಯ ಮರ ಸಮುದ್ರ ದಾಟಿ ಹಾಡು ಕಲಿತು ನನ್ನ ಜೊತೆ ವಾಪಸು ಬಂತು’ ಎಂದು ಭಾವ ತಮಾಷೆ ಮಾಡುತ್ತಿದ್ದರು.

ಭಾವ ೨೦೧೨ರಲ್ಲಿ ತೀರಿಕೊಂಡರು. ಅಕ್ಕ, ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಮೈಸೂರಿನ ನಮ್ಮ ಮನೆಗೆ ಬಂದಳು. ಸಾಮಾನುಗಳ ಜೊತೆಗೆ ಕಪ್ಪು ಪೆಟ್ಟಿಗೆಯೊಳಗೆ ಮಲಗಿದ ಗಿಟಾರೂ ಬಂತು. ಹುಡುಗ ಅದನ್ನು ಯಾರೂ ಹೇಳಿಕೊಡದೆ, ಅಷ್ಟಿಷ್ಟು ಕಲಿತ. ವಾದ್ಯದ ಕತ್ತಿನ ಹಿಂಬದಿಯಲ್ಲಿ, ಎಡಗೈ ಹೆಬ್ಬೆರಳು ಕೂರುವ ಕಡೆ, ಮೆರುಗು ಸವೆದು ಒಂದು ಅಂಗುಲದಷ್ಟು ಜಾಗ ರೇಶಿಮೆಯಂತೆ ನುಣುಪಾಗಿತ್ತು. ಅದು ಅವನ ತಂದೆಯ ಹೆಬ್ಬೆರಳು ವರ್ಷಗಟ್ಟಲೆ ಓಡಾಡಿ ಮಾಡಿದ ದಾರಿ. ಹುಡುಗ ಎತ್ತಿಕೊಂಡಾಗಲೆಲ್ಲ ಮೊದಲು ಹೆಬ್ಬೆರಳನ್ನು ಅಲ್ಲಿಟ್ಟು ನೋಡುತ್ತಿದ್ದ. ನಾನು ಅದನ್ನು ಕಂಡಿದ್ದೆ. ಕಂಡೂ ಅದರ ಅರ್ಥವನ್ನು ತಿಳಿಯುವ ಗೋಜಿಗೆ ಹೋಗಿರಲಿಲ್ಲ.

೨೦೨೧ರಲ್ಲಿ ಹುಡುಗ ಕರಾವಳಿಯ ಕಾಲೇಜೊಂದಕ್ಕೆ ಸೇರಿದ. ಅಲ್ಲಿನ ತೇವಕ್ಕೆ ಹೆದರಿ ಗಿಟಾರನ್ನು ಮನೆಯಲ್ಲೇ ಬಿಟ್ಟುಹೋದ. ಮಂಚದ ಕೆಳಗೆ, ಪೆಟ್ಟಿಗೆಯಲ್ಲಿ ಬಿದ್ದಿರುವ ಅದನ್ನು ಕಂಡರೆ ನನಗೆ ಏನೋ ಸಂಕಟ. ದಿಕ್ಕಿಲ್ಲದವರ ವಸ್ತುವಿನ ಹಾಗೆ ತೋರುತ್ತಿತ್ತು. ಮರು ವರ್ಷದ ಆರಂಭದಲ್ಲಿ ಒಂದು ಒಳ್ಳೆಯ ಸ್ಟ್ಯಾಂಡು ಕೊಂಡುತಂದೆ. ಅಂಗಡಿಯಲ್ಲಿ ನಾನು ಪರೀಕ್ಷಿಸಿದ್ದು ಒಂದನ್ನೇ: ವಾದ್ಯ ತಾಗುವ ಕಡೆಯೆಲ್ಲ ಮೆತ್ತಗಿದೆಯೆ ಎಂಬುದನ್ನು. ಬೆರಳಿನಿಂದ ಒತ್ತಿ ನೋಡಿದೆ. ಹತ್ತಿಯ ದಿಂಬಿನಂತೆ ಕುಗ್ಗಿತು. ಇಷ್ಟು ಮೃದುವಾದದ್ದು ಯಾರಿಗೆ ಏನು ಮಾಡೀತು? ಹಜಾರದಲ್ಲಿ, ಸರಸ್ವತಿಯ ಪಟದ ಕೆಳಗೆ, ಗಿಟಾರನ್ನು ಅದರಲ್ಲಿ ನಿಲ್ಲಿಸಿದೆ. ಹುಡುಗನಿಗೆ ಹೇಳಲಿಲ್ಲ, ಬಂದಾಗ ನೋಡಿ ಬೆರಗಾಗಲಿ ಎಂಬ ಆಸೆ. ಬೇಸಗೆಯ ರಜದಲ್ಲಿ ಅವನು ತರಬೇತಿಯೆಂದು ಅಲ್ಲಿಯೇ ಉಳಿದ. ವಾರಕ್ಕೊಮ್ಮೆ ನಾನೇ ತಂತಿಗಳ ಮೇಲಿನ ಧೂಳನ್ನು ನವಿರಾಗಿ ಒರೆಸುತ್ತಿದ್ದೆ. ಎತ್ತಿ ನೋಡಿದ್ದು ಒಮ್ಮೆಯೂ ಇಲ್ಲ.

ಆ ವರ್ಷದ ದಸರೆಗೆ ಹುಡುಗ ಬಂದ. ಸರಸ್ವತಿ ಪೂಜೆಯ ದಿನ ನಮ್ಮಲ್ಲಿ ಪುಸ್ತಕಗಳನ್ನು ಮಣೆಯ ಮೇಲೆ ಜೋಡಿಸುತ್ತೇವೆ. ‘ಗಿಟಾರನ್ನೂ ಇಡೋ, ಅದೂ ಅವಳ ವಾದ್ಯವೇ’ ಎಂದಳು ಅಕ್ಕ. ಅವನು ಹೋಗಿ ಎತ್ತಿದ. ಅದು ಬರಲಿಲ್ಲ. ಇನ್ನೊಮ್ಮೆ ಎತ್ತಿದಾಗ ಅಂಟುಪಟ್ಟಿಯನ್ನು ಕಿತ್ತಂತೆ ಸಣ್ಣದೊಂದು ಸದ್ದಾಯಿತು. ತಿರುಗಿಸಿ ನೋಡಿದರೆ ಕತ್ತಿನ ಹಿಂಬದಿಯಲ್ಲಿ ಮೆರುಗು ಕರಗಿ, ಮಂಜುಗಟ್ಟಿ, ಜಿಗುಟಾಗಿತ್ತು. ಮೆತ್ತೆಯ ಕಪ್ಪು ಸಿಪ್ಪೆ ಅಲ್ಲಲ್ಲಿ ಕಚ್ಚಿಕೊಂಡಿತ್ತು. ತಂದೆಯ ಹೆಬ್ಬೆರಳಿನ ಜಾಗದ ಅರ್ಧಕ್ಕಿಂತ ಹೆಚ್ಚು ಅದರೊಳಗೆ ಮುಳುಗಿಹೋಗಿತ್ತು. ಹುಡುಗ ಏನೂ ಅನ್ನಲಿಲ್ಲ. ಹೆಬ್ಬೆರಳನ್ನು ಅಲ್ಲಿಗೆ ಒಯ್ದು, ತಾಗಿಸದೆ, ಹಿಂದಕ್ಕೆ ತೆಗೆದುಕೊಂಡ. ಅಂದಿನ ಹೋಳಿಗೆ ಯಾರಿಗೂ ರುಚಿಸಲಿಲ್ಲ.

ನಡೆದದ್ದೇನೆಂಬುದನ್ನು ಬೆಂಗಳೂರಿನಲ್ಲಿ ವಾದ್ಯಗಳನ್ನು ದುರಸ್ತಿ ಮಾಡುವ ಹಿರಿಯರೊಬ್ಬರು ವಿವರಿಸಿದರು. ಹಳೆಯ ಅಮೆರಿಕನ್ ಗಿಟಾರುಗಳ ಮೇಲಿರುವ ಮೆರುಗು ನೈಟ್ರೋಸೆಲ್ಯುಲೋಸ್ ಲ್ಯಾಕರ್. ಹತ್ತಿಯ ನಾರನ್ನು ಆಮ್ಲಗಳಲ್ಲಿ ಪಾಕಮಾಡಿ, ಬೇಗ ಆರಿಹೋಗುವ ದ್ರವದಲ್ಲಿ ಕರಗಿಸಿ, ಮರದ ಮೇಲೆ ತೆಳ್ಳಗೆ ಎರಚಿದ್ದು. ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ರಸಾಯನಶಾಸ್ತ್ರಜ್ಞ ಷೋನ್‌ಬೈನ್ ೧೮೪೬ರಲ್ಲಿ ಲೋಕಕ್ಕೆ ತಿಳಿಸಿದ ಸಿಡಿಹತ್ತಿಯ ವಂಶದ್ದೇ ಇದು. ೧೯೨೦ರ ದಶಕದಲ್ಲಿ ಮೋಟಾರು ಕಾರುಗಳಿಗೆ ಬಳಿಯಲು ಅದು ಬಳಕೆಗೆ ಬಂತು. ಕಾರಿನ ಬಣ್ಣ ಆರಲು ಹಿಂದೆ ವಾರಗಟ್ಟಲೆ ಕಾಯಬೇಕಾಗಿತ್ತು, ಈಗ ಗಂಟೆಗಳ ಕೆಲಸವಾಯಿತು. ಗಿಟಾರು ಮಾಡುವವರೂ ಅದನ್ನೇ ಹಿಡಿದರು. ಅದಕ್ಕೆ ಮುಂಚೆ ವಾದ್ಯಗಳಿಗೆ ಮೆರುಗು ಕೊಡುತ್ತಿದ್ದವುಗಳಲ್ಲಿ ನಮ್ಮ ಅರಗೂ ಒಂದು. ಸ್ಪೇನಿನ ಸಾಂಪ್ರದಾಯಿಕ ಗಿಟಾರುಗಳಿಗೆ ಇಂದಿಗೂ ಅರಗನ್ನು ಮದ್ಯಸಾರದಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ತಿಕ್ಕಿ ಹೊಳಪು ಕೊಡುವವರಿದ್ದಾರೆ. ನಮ್ಮ ಚನ್ನಪಟ್ಟಣದ ಬೊಂಬೆಗಳ ಹೊಳಪೂ ಅರಗಿನದೇ. ಲ್ಯಾಕರ್ ಎಂಬ ಮಾತೂ ಸಂಸ್ಕೃತದ ‘ಲಾಕ್ಷಾ’ ಎಂಬುದರಿಂದಲೇ ಪಾರಸಿಯ ದಾರಿಯಾಗಿ ಪಶ್ಚಿಮಕ್ಕೆ ಹೋದದ್ದು. ಹತ್ತಿಯ ಲ್ಯಾಕರಿನಲ್ಲಿ ಅರಗಿಲ್ಲ; ಅರಗಿನ ಹೆಸರು ಮಾತ್ರ ಉಳಿದಿದೆ.

ಇನ್ನು ನಾನು ಕೊಂಡ ಸ್ಟ್ಯಾಂಡಿನ ಮೆತ್ತೆ. ನಾನು ರಬ್ಬರೆಂದುಕೊಂಡಿದ್ದ ಅದು ಮೆದುಗೊಳಿಸಿದ ಪ್ಲಾಸ್ಟಿಕ್ಕು. ಆ ಪ್ಲಾಸ್ಟಿಕ್ ಸ್ವಭಾವತಃ ಗಡಸು. ಮೆತ್ತಗಾಗಲೆಂದು ಅದರಲ್ಲಿ ಎಣ್ಣೆಯಂತಹ ದ್ರವವೊಂದನ್ನು ಬೆರೆಸುತ್ತಾರೆ. ಆ ದ್ರವ ಪ್ಲಾಸ್ಟಿಕ್ಕಿನೊಡನೆ ಗಟ್ಟಿಯಾಗಿ ಬೆಸೆದುಕೊಂಡಿರುವುದಿಲ್ಲ. ಒತ್ತಿಕೊಂಡಿರುವ ವಸ್ತು ಒಳಬಿಟ್ಟರೆ ಮೆಲ್ಲಮೆಲ್ಲನೆ ಅದರೊಳಕ್ಕೆ ಜಾರುತ್ತದೆ, ಅದನ್ನೂ ಮೆದುಮಾಡುತ್ತದೆ. ಮಕ್ಕಳ ಜಾಮಿಟ್ರಿ ಪೆಟ್ಟಿಗೆಯಲ್ಲಿ ಅಳಿಸುವ ರಬ್ಬರು ಪ್ಲಾಸ್ಟಿಕ್ ಅಳತೆಪಟ್ಟಿಗೆ ಅಂಟಿಕೊಂಡು ಕರಗಿಸಿಬಿಟ್ಟಿರುವುದನ್ನು ನೀವೂ ಕಂಡಿರಬಹುದು. ಅದೂ ಇದೇ ಕತೆ. ಸ್ಟ್ಯಾಂಡಾಗಲಿ, ಗೋಡೆಗೆ ತೂಗುಹಾಕುವ ಕೊಕ್ಕೆಯಾಗಲಿ, ಮೆತ್ತೆ ಇಂಥದಾದರೆ ಫಲವೊಂದೇ. ನಿಜವಾದ ರಬ್ಬರಿನಲ್ಲೂ ಕೆಲವು ಬಗೆಯವು ಕಲೆ ಹಾಕುತ್ತವೆ. ಗಳಿಗೆಯ ಸ್ಪರ್ಶಕ್ಕೆ ಬಹುಶಃ ಏನೂ ಆಗದು. ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಒತ್ತಿಕೊಂಡಿರುವುದೇ ಅಪಾಯ; ಸೆಕೆಯಿದ್ದರೆ ಇನ್ನೂ ಬೇಗ. ನನ್ನ ಸ್ಟ್ಯಾಂಡಿಗೆ ಇಡೀ ಒಂದು ಬೇಸಗೆ ಸಿಕ್ಕಿತ್ತು.

ನನ್ನನ್ನು ಕೊರೆದದ್ದು ಈ ಮಾತೇ. ಮೆತ್ತಗಿದೆಯೆಂದು ನಾನು ನಂಬಿದ್ದೆನಲ್ಲ, ಕೇಡು ಮಾಡಿದ್ದು ಆ ಮೆತ್ತನೆಯೇ. ಬರಿಯ ಮರದ ಕವೆಯಾಗಿದ್ದರೆ ಗೀರು ಬಿದ್ದೀತು, ಕಣ್ಣಿಗೆ ಕಂಡೀತು, ನಿಲ್ಲಿಸಿಯೇವು. ಮೆತ್ತನೆಯದು ಮಾಡುವ ಗಾಯ ಎತ್ತಿ ನೋಡುವವರೆಗೆ ಕಾಣುವುದಿಲ್ಲ.

ತಪ್ಪು ಯಾರದು? ನಮ್ಮ ಕಾಲೇಜಿನ ತತ್ತ್ವಶಾಸ್ತ್ರದ ಮಿತ್ರರೊಬ್ಬರಲ್ಲಿ ಇದನ್ನು ತೋಡಿಕೊಂಡೆ. ಅವರು ಸಜ್ಜನರು, ನನ್ನನ್ನು ಬಿಡುಗಡೆ ಮಾಡಲು ಜರ್ಮನಿಯ ಕಾಂಟ್ ಮಹಾಶಯನನ್ನೇ ಕರೆತಂದರು. ಯಾವ ಷರತ್ತೂ ಇಲ್ಲದೆ ಒಳ್ಳೆಯದು ಎನ್ನಬಹುದಾದದ್ದು ಸತ್ಸಂಕಲ್ಪವೊಂದೇ. ಅದು ಫಲ ಕೊಡದೆ ಹೋದರೂ ಅದರ ಬೆಲೆ ಕುಂದುವುದಿಲ್ಲ ಎಂದು ಆತ ೧೭೮೫ರ ತನ್ನ ನೀತಿಗ್ರಂಥದ ಮೊದಲಲ್ಲೇ ಹೇಳಿದ್ದಾನಂತೆ. ‘ನಿಮ್ಮ ಸಂಕಲ್ಪ ಒಳ್ಳೆಯದಿತ್ತು. ಪ್ಲಾಸ್ಟಿಕ್ಕಿನ ಗುಣ ಕನ್ನಡದ ಮೇಷ್ಟರಿಗೆ ಹೇಗೆ ತಿಳಿಯಬೇಕು?’ ಎಂದರು. ಎರಡು ದಿನ ನೆಮ್ಮದಿಯಾಗಿತ್ತು. ಮೂರನೆಯ ದಿನ ಆ ಪುಸ್ತಕವನ್ನೇ ತರಿಸಿಕೊಂಡು ನೋಡಿದೆ. ಅಲ್ಲಿ ಒಂದು ಕಟ್ಟು ಇದೆ. ಸತ್ಸಂಕಲ್ಪವೆಂದರೆ ಬರಿಯ ಹಾರೈಕೆಯಲ್ಲ; ನಮ್ಮ ಕೈಗೆಟಕುವ ಸಾಧನಗಳನ್ನೆಲ್ಲ ಒಗ್ಗೂಡಿಸುವುದೂ ಅದರಲ್ಲಿ ಸೇರಿದೆ ಎಂದು ಕಾಂಟನೇ ಹೇಳಿಟ್ಟಿದ್ದಾನೆ.

ನನ್ನ ಕೈಗೆಟಕುವ ಸಾಧನ ಯಾವುದಿತ್ತು? ಕೇಳುವುದು. ವಾದ್ಯ ಹುಡುಗನದು, ಅವನನ್ನು ಕೇಳಬಹುದಿತ್ತು. ಅಷ್ಟೇಕೆ, ಅಟ್ಟದ ಮೇಲೆಸೆದಿದ್ದ ಸ್ಟ್ಯಾಂಡಿನ ರಟ್ಟಿನ ಡಬ್ಬಿಯನ್ನು ಇಳಿಸಿ ನೋಡಿದರೆ ಅದರೊಳಗೆ ಮಡಚಿದ ಚೀಟಿಯೊಂದಿತ್ತು. ಲ್ಯಾಕರ್ ಮೆರುಗಿನ ವಾದ್ಯಗಳನ್ನು ಇದರಲ್ಲಿ ಬಹುಕಾಲ ಇಡಬಾರದು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ವಿದ್ಯಾರ್ಥಿಗಳಿಗೆ ಅಡಿಟಿಪ್ಪಣಿ ಬಿಡದೆ ಓದಿ ಎಂದು ಹೇಳುವ ಮನುಷ್ಯ ನಾನು! ತಿಳಿಯದೆ ಮಾಡಿದೆ ಎಂಬುದು ನಿಜ. ಆದರೆ ತಿಳಿಯಬೇಕಾದ ಅಗತ್ಯವೇ ನನಗೆ ತೋರಿರಲಿಲ್ಲ. ಪ್ರೀತಿಯಿದ್ದ ಮೇಲೆ ತಿಳಿವಳಿಕೆ ಬೇರೆ ಏಕೆ ಎಂದು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ. ದ್ವೇಷಿಸುವವನು ಎದುರಾಳಿಯ ಸ್ವಭಾವವನ್ನು ಶ್ರಮಪಟ್ಟು ಅಭ್ಯಾಸಮಾಡುತ್ತಾನೆ. ಪುರೋಚನ ಅರಗು ಯಾವುದಕ್ಕೆ ಉರಿಯುತ್ತದೆಂದು ಚೆನ್ನಾಗಿ ತಿಳಿದೇ ಮನೆ ಕಟ್ಟಿದ. ಪ್ರೀತಿಸುವ ನಾವು ಆ ಶ್ರಮವನ್ನು ನಮಗೆ ನಾವೇ ಮಾಫಿ ಮಾಡಿಕೊಳ್ಳುತ್ತೇವೆ.

ಹೀಗೆ ಯೋಚಿಸುತ್ತಿರುವಾಗ ನೆನಪಾದದ್ದು ಇನ್ನೊಂದು. ಭಾವ ಹೋದ ಹೊಸದರಲ್ಲಿ ನಾನು ಮನೆಯವರಿಗೆಲ್ಲ ಒಂದು ಕಟ್ಟಳೆ ಮಾಡಿದ್ದೆ: ಹುಡುಗನ ಎದುರಿಗೆ ಅವನ ತಂದೆಯ ಮಾತು ಎತ್ತಕೂಡದು, ಮಗುವಿನ ಮನಸ್ಸು ನೋಯುತ್ತದೆ. ಅಕ್ಕನೂ ಒಪ್ಪಿದಳು. ಮಾತು ಆ ಕಡೆ ತಿರುಗಿದರೆ ಮೆಲ್ಲಗೆ ಬೇರೆ ಕಡೆ ಹೊರಳಿಸುತ್ತಿದ್ದೆವು. ಹತ್ತು ವರ್ಷ ಹೀಗೆಯೇ ನಡೆಯಿತು. ಹುಡುಗ ತಂದೆಯ ವಿಷಯ ಕೇಳುತ್ತಲೇ ಇರಲಿಲ್ಲ. ಮರೆತಿದ್ದಾನೆ, ಒಳ್ಳೆಯದಾಯಿತು ಎಂದು ನಾನು ಸಮಾಧಾನಪಟ್ಟಿದ್ದೆ. ಆ ದಸರೆಯ ರಾತ್ರಿ, ನಾನು ತಪ್ಪೊಪ್ಪಿಕೊಂಡು ಮುಗಿಸಿದ ಮೇಲೆ, ಅವನು ಕೇಳಿದ: ‘ಮಾವ, ಅಪ್ಪ ಇದರಲ್ಲಿ ಏನು ನುಡಿಸ್ತಿದ್ರು?’ ನಾನು ಬೆಚ್ಚಿದೆ. ಇಷ್ಟು ದಿನ ಏಕೆ ಕೇಳಲಿಲ್ಲ ಎಂದೆ. ‘ಅಪ್ಪನ ಹೆಸರು ಬಂದರೆ ನೀವೆಲ್ಲ ಸುಮ್ಮನಾಗಿಬಿಡ್ತಿದ್ರಿ. ನಿಮಗೆ ಬೇಜಾರಾಗುತ್ತೆ ಅಂತ ನಾನೂ ಸುಮ್ಮನಾದೆ’ ಎಂದ.

ಅವನು ನೊಂದಾನೆಂದು ನಾವು, ನಾವು ನೊಂದೇವೆಂದು ಅವನು, ಹತ್ತು ವರ್ಷ ಒಬ್ಬರನ್ನೊಬ್ಬರು ಆ ಮೆತ್ತನೆಯ ಮೌನದಲ್ಲಿ ಒರಗಿಸಿಟ್ಟಿದ್ದೆವು. ಆ ಮೆತ್ತೆಯ ಕೆಳಗೆ ಏನು ಕರಗುತ್ತಿದೆ ಎಂದು ಒಬ್ಬರೂ ಎತ್ತಿ ನೋಡಿರಲಿಲ್ಲ.

ದುರಸ್ತಿಯ ಹಿರಿಯರನ್ನು ನಾನು ಕೇಳಿದ್ದೆ: ಇಷ್ಟು ಸೂಕ್ಷ್ಮವಾದ ಮೆರುಗು ಏಕೆ ಬೇಕು? ಯಾವುದಕ್ಕೂ ಜಗ್ಗದಂಥದು ಇಲ್ಲವೆ? ಇದೆ ಎಂದರು. ೧೯೬೦ರ ದಶಕದ ಕೊನೆಯಿಂದ ಅನೇಕ ತಯಾರಕರು ಪಾಲಿಯೆಸ್ಟರ್, ಪಾಲಿಯುರಿಥೇನ್ ಎಂಬ ಮೆರುಗುಗಳಿಗೆ ಬದಲಾಯಿಸಿಕೊಂಡರು. ಅವು ಒಮ್ಮೆ ಗಟ್ಟಿಯಾದರೆ ಆಯಿತು. ಮೆತ್ತೆಯ ಎಣ್ಣೆ ಒಳಗಿಳಿಯುವುದು ಅಪರೂಪ. ‘ಆದರೆ ಒಂದು ತೊಂದರೆ’ ಎಂದು ಆ ಹಿರಿಯರು ಹೇಳಿದ ಮಾತನ್ನು ನಾನು ಆಗಾಗ ನೆನೆಯುತ್ತೇನೆ. ಅಂತಹ ಮೆರುಗಿನಲ್ಲಿ ಚಕ್ಕೆ ಎದ್ದರೆ ಹೊಸ ಲೇಪ ಹಳೆಯದರೊಡನೆ ಕೂಡಿಕೊಳ್ಳುವುದಿಲ್ಲ. ಅದರ ಮೇಲೆ ತೇಪೆಯಾಗಿ ಕೂರುತ್ತದೆ. ಲ್ಯಾಕರ್ ಹಾಗಲ್ಲ. ಹೊಸದನ್ನು ಎರಚಿದರೆ ಹಳೆಯದು ತುಸು ಕರಗಿ, ಅದನ್ನು ಒಳಕ್ಕೆ ತೆಗೆದುಕೊಂಡು, ಎರಡೂ ಒಂದಾಗಿ ಆರುತ್ತವೆ. ಅರಗಿನ ಗುಣವೂ ಅದೇ. ಒಳಬಿಟ್ಟುಕೊಳ್ಳುವ ಸ್ವಭಾವದಿಂದಲೇ ಅದು ಕೆಡುತ್ತದೆ, ಆ ಸ್ವಭಾವದಿಂದಲೇ ವಾಸಿಯೂ ಆಗುತ್ತದೆ.

ಸೂಕ್ಷ್ಮ ಮನಸ್ಸಿನವರಿಗೆ ನಾವು ಕೊಡುವ ಉಪದೇಶವೆಂದರೆ ‘ಸ್ವಲ್ಪ ಗಟ್ಟಿಯಾಗು’ ಎಂಬುದು. ನಾನೂ ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಈಗ ಹೇಳಲು ಹಿಂಜರಿಯುತ್ತೇನೆ. ಗಟ್ಟಿಯಾದವರಿಗೆ ನೋವು ತಾಗದಿರಬಹುದು. ಆದರೆ ಸಮಾಧಾನದ ಮಾತೂ ಅವರ ಮೇಲೆ ತೇಪೆಯಾಗಿಯೇ ಉಳಿದೀತು. ಬದಲಾಗಬೇಕಾದದ್ದು ಹೆಚ್ಚಾಗಿ ಒರಗಿದವರ ಮೆರುಗಲ್ಲ, ಆಸರೆಯ ಮೆತ್ತೆ. ಮಕ್ಕಳಿಗೆ, ಮುಪ್ಪಿನವರಿಗೆ, ದುಃಖದಲ್ಲಿರುವವರಿಗೆ ಹೆಗಲು ಕೊಡುವ ನಾವು ‘ನನ್ನ ಹೆಗಲು ಮೃದುವೆ?’ ಎಂದಷ್ಟೇ ಕೇಳಿಕೊಂಡರೆ ಸಾಲದು. ‘ನನ್ನಿಂದ ಏನು ಇವರೊಳಗೆ ಇಳಿಯುತ್ತಿದೆ?’ ಎಂದೂ ಕೇಳಿಕೊಳ್ಳಬೇಕು, ಆಗಾಗ ಎತ್ತಿ ನೋಡಬೇಕು, ಅವರನ್ನೇ ವಿಚಾರಿಸಬೇಕು. ಇದು ಪ್ರೀತಿಗೆ ಹೊರಗಿನಿಂದ ಸೇರಿಸುವ ಜಾಣತನವೆಂದು ಹಿಂದೆ ಭಾವಿಸಿದ್ದೆ. ಈಗ ಹಾಗೆ ತೋರುವುದಿಲ್ಲ. ವಿಚಾರಿಸದ ಪ್ರೀತಿಯಲ್ಲಿ, ಪ್ರೀತಿಸುತ್ತಿದ್ದೇನೆಂಬ ನಮ್ಮ ಸುಖವೇ ಹೆಚ್ಚು ಪಾಲು ತಿಂದಿರುತ್ತದೆ. ಹಜಾರದಲ್ಲಿ ನಿಂತ ಗಿಟಾರನ್ನು ನೋಡಿ ಹಿಗ್ಗುತ್ತಿದ್ದವನು ನಾನೇ ತಾನೆ?

ಹಿರಿಯರು ಜಿಗುಟನ್ನು ಒರೆಸಿ ಶುಚಿಮಾಡಿದರು. ಕಲೆ ಕಾಣದಂತೆ ಮಾಡಬೇಕಾದರೆ ಆ ಜಾಗವನ್ನು ಉಜ್ಜಿ ಹೊಸ ಲ್ಯಾಕರ್ ಹಾಕಬೇಕು. ಉಳಿದಿರುವ ಹೆಬ್ಬೆರಳಿನ ನುಣುಪೂ ಆಗ ಹೋಗುತ್ತದೆ ಎಂದರು. ಖರ್ಚು ನನ್ನದು, ಮಾಡಿಸೋಣ ಎನ್ನಲು ಬಾಯಿ ತೆರೆದವನು ತಡೆದುಕೊಂಡು ಹುಡುಗನ ಮುಖ ನೋಡಿದೆ. ಅವನು ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇರಲಿ ಮಾವ. ಅಪ್ಪಂದೂ ಇದೆ, ನಿಮ್ಮದೂ ಇದೆ’ ಎಂದ. ಅದರಲ್ಲಿ ಕ್ಷಮೆಯಿತ್ತು. ಆದರೆ ಎರಡು ಗುರುತುಗಳೂ ಒಂದೇ ಅಲ್ಲವೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಒಂದು ನುಡಿಸಿ ಸವೆದದ್ದು. ಇನ್ನೊಂದು ಇಟ್ಟು ಕೆಟ್ಟದ್ದು. ಬಳಕೆಯ ಸವೆತಕ್ಕೆ ಹೆದರಿ ಜೋಪಾನ ಮಾಡುತ್ತೇವೆ. ನಮ್ಮ ಮನೆಯ ಮಟ್ಟಿಗಂತೂ ಇಪ್ಪತ್ತು ಚಿಲ್ಲರೆ ವರ್ಷಗಳ ಬಳಕೆ ಮಾಡದ ಹಾನಿಯನ್ನು ಎಂಟು ತಿಂಗಳ ಜೋಪಾನ ಮಾಡಿತು.

ಉಪಾಯವೇನೆಂದು ಕೇಳಿದಾಗ ಆ ಹಿರಿಯರು ನಕ್ಕು ಹೇಳಿದ್ದು ಇಷ್ಟೆ: ನುಡಿಸದಿರುವಾಗ ಪೆಟ್ಟಿಗೆಯಲ್ಲಿಡಿ, ಹೊರಗೇ ಇಡಬೇಕೆಂದರೆ ಮೆತ್ತೆಗೂ ಮೆರುಗಿಗೂ ನಡುವೆ ಬಣ್ಣ ಹಾಕದ ದಪ್ಪ ಹತ್ತಿಬಟ್ಟೆ ಸುತ್ತಿ, ಆಗಾಗ ಬಿಚ್ಚಿ ನೋಡುತ್ತಿರಿ, ಬದಲಾಯಿಸಿ. ಹತ್ತಿಯಿಂದ ಹುಟ್ಟಿದ ಮೆರುಗಿಗೆ ಕೊನೆಗೆ ಹತ್ತಿಯೇ ದಿಕ್ಕಾಯಿತು.

ಹುಡುಗ ಈಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಗಿಟಾರೂ ಅವನ ಜೊತೆಗಿದೆ. ಬಾಡಿಗೆಯ ಕೋಣೆ ಚಿಕ್ಕದು. ಗೋಡೆಗೆ ಕೊಕ್ಕೆ ಹೊಡೆಸಿ ತೂಗುಹಾಕಿದ್ದಾನಂತೆ. ಮೊನ್ನೆ ಫೋನಿನಲ್ಲಿ, ‘ಮಾವ, ಹಳೇ ಪಂಚೆ ಇದ್ದರೆ ಒಂದು ತುಂಡು ಕಳಿಸಿ’ ಎಂದ. ಎಷ್ಟು ಉದ್ದ ಬೇಕು, ಎಷ್ಟು ಅಗಲ ಬೇಕು ಎಂದು ಕೇಳಿ ಬರೆದುಕೊಂಡೆ. ಬೀರುವಿನಿಂದ ತೆಗೆದ ಪಂಚೆ ಬೆಳ್ಳಗೆ, ಮೆತ್ತಗೆ, ಚೆನ್ನಾಗಿಯೇ ಇತ್ತು. ಕತ್ತರಿ ಹಾಕುವ ಮುನ್ನ ಅಂಚಿನಲ್ಲಿ ಹೊಲಿದಿದ್ದ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದೆ: ಅರ್ಧ ಪಾಲಿಯೆಸ್ಟರ್. ಅದನ್ನು ಮಡಿಸಿಟ್ಟು, ಇನ್ನೊಂದನ್ನು ಹುಡುಕಿದೆ.